ಅವಳು ಓಡಿಬಂದ ಮನೆ ಯಾವುದು?

ಹೋದ ವರ್ಷ ನಮ್ಮದೊಂದು ಹಳೆಯ ಕಥೆ ಇಂಗ್ಲಿಷಿಗೆ ಹೋಗುತ್ತಿತ್ತು. ಮದುವೆಯಾಗಿ ಇಪ್ಪತ್ತು ದಿನವೂ ಆಗದ ಒಬ್ಬ ಹುಡುಗಿ ಗಂಡನ ಮನೆಯಿಂದ ತವರಿಗೆ ಓಡಿಬರುತ್ತಾಳೆ. ತವರಿನಲ್ಲಿ ಬಾಗಿಲು ತೆರೆದವರ ಮುಖ ನೋಡಿ ಅಲ್ಲಿಂದಲೂ ಹೊರಡುತ್ತಾಳೆ. ಕಥೆ ಇಷ್ಟೇ. ಅದರ ಕೊನೆಯ ಪುಟದಲ್ಲಿ ಒಂದು ವಾಕ್ಯವಿದೆ: "ಇಶಾ ಹೊತ್ತಿಗೆ ಅವಳು ಓಡಿಬಂದ ಮನೆಯ ದೀಪ ಆರಿತ್ತು." ಅನುವಾದ ಮಾಡುತ್ತಿದ್ದವರು ಫೋನ್ ಮಾಡಿ, "ಮೇಡಂ, ಒಂದು ಸಣ್ಣ ಡೌಟು. ಇದು ಯಾವ ಮನೆ? ಅವಳು ಬಿಟ್ಟು ಬಂದದ್ದೋ, ಬಂದು ಸೇರಿದ್ದೋ? ಫ್ರಮ್ ಹಾಕಲೋ, ಟು ಹಾಕಲೋ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಆ ವಾಕ್ಯ ಬರೆಯುವಾಗ ಯಾವ ಮನೆ ನಮ್ಮ ಕಣ್ಣ ಮುಂದಿತ್ತು ಎಂದು ನೆನಪಿಸಿಕೊಳ್ಳಲು ಎರಡು ದಿನ ಒದ್ದಾಡಿದೆವು. ಮನೆಯಿಂದ ಓಡಿಬಂದರೂ ಅದು ಓಡಿಬಂದ ಮನೆ, ಮನೆಗೆ ಓಡಿಬಂದರೂ ಓಡಿಬಂದ ಮನೆಯೇ. ಅವಳ ಪಾಲಿಗೆ ಎರಡೂ ಮನೆಗಳ ದೀಪ ಆರಿದ್ದವು. ಕನ್ನಡ ನಮ್ಮನ್ನು ಆರಿಸಿಕೋ ಎಂದು ಕೇಳಿರಲಿಲ್ಲ. ಇಷ್ಟು ವರ್ಷಗಳಲ್ಲಿ ಕಥೆ ಓದಿದ ಯಾರೂ ಕೇಳಿರಲಿಲ್ಲ. ಇಂಗ್ಲಿಷ್ ಮಾತ್ರ ಪೊಲೀಸರ ಹಾಗೆ ಬಾಗಿಲಲ್ಲಿ ನಿಂತು ಕೇಳುತ್ತಿತ್ತು: ಎಲ್ಲಿಂದ, ಎಲ್ಲಿಗೆ?

ಕೊನೆಗೆ ಫ್ರಮ್ ಎಂದೆವು. ಅನುವಾದಕರು 'ದಿ ಹೌಸ್ ಶಿ ಹ್ಯಾಡ್ ರನ್ ಅವೇ ಫ್ರಮ್' ಎಂದು ಬರೆದರು. ನಮಗೆ ಹಿಡಿಸಿತು. ಹುಡುಗಿ ಮಾತನಾಡುವ ಹಾಗೇ ಇತ್ತು. ಆದರೆ ಸಂಕಲನದ ಸಂಪಾದಕರಿಂದ ಪ್ರೂಫ್ ಬಂದಾಗ ಅದು 'ದಿ ಹೌಸ್ ಫ್ರಮ್ ವಿಚ್ ಶಿ ಹ್ಯಾಡ್ ಫ್ಲೆಡ್' ಆಗಿತ್ತು. ಪಕ್ಕದಲ್ಲಿ ಒಂದು ಟಿಪ್ಪಣಿ: ವಾಕ್ಯಾಂಶವನ್ನು ಪ್ರೆಪೊಸಿಷನ್‌ನಿಂದ ಮುಗಿಸಬಾರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ಹುಡುಗಿ ಒಂದೇ ಗೆರೆಯಲ್ಲಿ ವಕೀಲರ ಅಫಿಡವಿಟ್ಟಿನೊಳಗೆ ಹೋಗಿ ಕುಳಿತಿದ್ದಳು.

ಈ ಸಣ್ಣ ಜಗಳದಿಂದ ಹುಟ್ಟಿದ ಬರಹವಿದು. ನಾವು ಇಂಗ್ಲಿಷ್ ಪಂಡಿತರಲ್ಲ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಕನ್ನಡ ಹೈಸ್ಕೂಲಿನಲ್ಲಿ ಬೆಳೆದು, ಇಂಗ್ಲಿಷನ್ನು ಹೊರಗಿನಿಂದ ನೋಡುತ್ತ ಬಂದವರು. ಹೊರಗೆ ನಿಂತವರಿಗೆ ಕೆಲವೊಮ್ಮೆ ಮನೆಯ ಕೀಲುಗಳು ಚೆನ್ನಾಗಿ ಕಾಣುತ್ತವೆ.

ಮೊದಲು ಆ ಕೀಲು ಯಾವುದೆಂದು ನೋಡೋಣ. 'ನಾವು ಆ ಮನೆಯಲ್ಲಿ ಇದ್ದೆವು' ಎನ್ನುವಲ್ಲಿ 'ಅಲ್ಲಿ' ಎಂಬ ಪ್ರತ್ಯಯ ಮನೆಗೆ ಅಂಟಿಕೊಂಡಿದೆ. ಈ ವಾಕ್ಯವನ್ನು ಮನೆಯ ವಿಶೇಷಣ ಮಾಡಿದ ಕೂಡಲೇ, ಅಂದರೆ 'ನಾವು ಇದ್ದ ಮನೆ' ಎಂದ ಕೂಡಲೇ, ಆ ಪ್ರತ್ಯಯ ಮಾಯವಾಗುತ್ತದೆ. ನಾನು ಬರೆದ ಪತ್ರ, ನಾನು ಬರೆದ ಪೆನ್ನು, ನಾನು ಬರೆದ ಕೋಣೆ: ಪತ್ರವನ್ನು, ಪೆನ್ನಿನಿಂದ, ಕೋಣೆಯಲ್ಲಿ ಎಂಬ ಮೂರು ವಿಭಕ್ತಿಗಳೂ ಬಿದ್ದುಹೋಗಿವೆ. ಪೆನ್ನಿನಿಂದ ಬರೆಯುತ್ತಾರೆ, ಕೋಣೆಯಲ್ಲಿ ಬರೆಯುತ್ತಾರೆ ಎಂದು ಓದುವವನಿಗೆ ಗೊತ್ತು. ಗೊತ್ತಿರುವುದನ್ನು ಕನ್ನಡ ಮತ್ತೆ ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಹಾಗಲ್ಲ. 'ವಿ ಲಿವ್ಡ್ ಇನ್ ದಿ ಹೌಸ್' ಎಂಬುದನ್ನು ತಿರುಗಿಸಿದರೂ 'ಇನ್' ಎಲ್ಲಿಯೂ ಹೋಗುವುದಿಲ್ಲ. ಅದಕ್ಕೆ ಎರಡೇ ದಾರಿ. ಮನೆ ಮುಂದೆ ಹೋಯಿತು, ತಾನು ಇದ್ದಲ್ಲೇ ಉಳಿಯುವುದು: 'ದಿ ಹೌಸ್ ವಿ ಲಿವ್ಡ್ ಇನ್'. ಇಲ್ಲವೇ 'ವಿಚ್' ಎಂಬ ಪದದ ಜೊತೆ ತಾನೂ ಮುಂದಕ್ಕೆ ಬರುವುದು: 'ದಿ ಹೌಸ್ ಇನ್ ವಿಚ್ ವಿ ಲಿವ್ಡ್'. ಈ ಎರಡನೆಯ ದಾರಿಗೆ 1967ರಲ್ಲಿ ಜಾನ್ ರಾಬರ್ಟ್ ರಾಸ್ ಎಂಬ ಅಮೆರಿಕದ ಭಾಷಾ ವಿಜ್ಞಾನಿ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಹೆಸರು ಕೊಟ್ಟ: ಪೈಡ್ ಪೈಪಿಂಗ್. ಹ್ಯಾಮೆಲಿನ್ ಊರಿನ ಇಲಿಗಳನ್ನು ಕೊಳಲೂದಿ ಎಳೆದುಕೊಂಡು ಹೋದ ಪೈಡ್ ಪೈಪರ್‌ನ ಹೆಸರು. ಕನ್ನಡದ ಮಕ್ಕಳಿಗೆ ಅವನು ಬೇರೆ ಯಾರೂ ಅಲ್ಲ, ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ. 'ವಿಚ್' ಎಂಬುದು ಜೋಗಿ, 'ಇನ್', 'ಫ್ರಮ್', 'ಟು'ಗಳು ಅವನ ಹಿಂದೆ ಹೋಗುವ ಇಲಿಗಳು. ವ್ಯಾಕರಣದ ಪರಿಭಾಷೆಯಲ್ಲಿ ಇಷ್ಟು ಚೆಂದದ ಹೆಸರನ್ನು ನಾವು ಬೇರೆ ಕಂಡಿಲ್ಲ.

ಆದರೆ ಜೋಗಿ ಹೋದಾಗ ಎಲ್ಲ ಇಲಿಗಳೂ ಹೋಗುವುದಿಲ್ಲ. ಅದೇ ಇಲ್ಲಿಯ ಮುಖ್ಯ ಮಾತು. ಅದಕ್ಕೆ ಮೊದಲು ಮನೆಯ ಇನ್ನೊಂದು ಪ್ರಸಂಗ ಹೇಳಬೇಕು.

ನಮ್ಮ ತಂಗಿಯ ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಮೀಡಿಯಂ. ತನ್ನ ಬೆಕ್ಕಿನ ಬಗ್ಗೆ ಒಂದು ಪ್ರಬಂಧ ಬರೆದಿದ್ದಳು. 'ದಿ ಕ್ಯಾಟ್ ಐ ಲುಕ್ ಆಫ್ಟರ್' ಎಂದು ಅವಳು ಬರೆದದ್ದಕ್ಕೆ ಕೆಂಪು ಇಂಕಿನಲ್ಲಿ ಗೆರೆ ಎಳೆದು, ಮೇಲೆ 'ದಿ ಕ್ಯಾಟ್ ಆಫ್ಟರ್ ವಿಚ್ ಐ ಲುಕ್' ಎಂದು ತಿದ್ದಿ ಕೊಟ್ಟಿದ್ದರು. "ಖಾಲಾ, ಇದನ್ನು ಓದಿದರೆ ಬೆಕ್ಕು ಹೊರಟುಹೋಗಿದೆ, ನಾನು ಅದರ ಬೆನ್ನು ನೋಡುತ್ತಾ ನಿಂತಿದ್ದೇನೆ ಅನಿಸುತ್ತೆ" ಎಂದಳು. ಹುಡುಗಿಯ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. 'ಲುಕ್ ಆಫ್ಟರ್' ಎರಡು ಪದವಾದರೂ ಒಂದು ಕ್ರಿಯೆ. ಸಾಕು, ನೋಡಿಕೊಳ್ಳು ಎಂದು ಅರ್ಥ. ಗಂಡ ಹೆಂಡಿರನ್ನು ಬೇರೆ ಮಾಡಿ ಆಚೊಬ್ಬರನ್ನು ಈಚೊಬ್ಬರನ್ನು ಕೂರಿಸಿದರೆ ಸಂಸಾರ ಉಳಿಯುವುದಿಲ್ಲ. 'ಲುಕ್' ಬರಿಯ ನೋಟವಾಗುತ್ತದೆ, 'ಆಫ್ಟರ್' ಬರಿಯ ಹಿಂದಾಗುತ್ತದೆ. 'ರಿಲೈ ಆನ್' ಎಂಬುದರಲ್ಲಿ ಹಾಗಾಗುವುದಿಲ್ಲ. 'ದಿ ಮ್ಯಾನ್ ಆನ್ ಹೂಮ್ ಐ ರಿಲೈಡ್' ಎಂದರೆ ಗಂಭೀರವಾಗಿ ಕೇಳುತ್ತದೆ, ಅರ್ಥ ಕೆಡುವುದಿಲ್ಲ.

ಇದಕ್ಕಿಂತ ದೊಡ್ಡ ಗುಂಡಿ ಕ್ರಿಯಾವಿಶೇಷಣದ್ದು. ಇಂಗ್ಲಿಷಿನಲ್ಲಿ 'ಅಪ್', 'ಆಫ್', 'ಅವೇ', 'ಔಟ್'ಗಳು ಕ್ರಿಯಾಪದದ ಪಕ್ಕದಲ್ಲಿ ನಿಂತಾಗ ನೋಡುವುದಕ್ಕೆ ಪ್ರೆಪೊಸಿಷನ್‌ಗಳ ಹಾಗೇ ಇರುತ್ತವೆ. ಆದರೆ ಎಷ್ಟೋ ಸಲ ಅವು ಬೇರೆ ಜಾತಿ. 'ಹಿ ರ್ಯಾನ್ ಅಪ್ ಎ ಹಿಲ್', ಗುಡ್ಡ ಹತ್ತಿ ಓಡಿದ. 'ಹಿ ರ್ಯಾನ್ ಅಪ್ ಎ ಬಿಲ್', ಅಂಗಡಿಯಲ್ಲಿ ಸಾಲ ಬೆಳೆಸಿದ. ಎರಡರಲ್ಲೂ ಒಂದೇ 'ಅಪ್'. ಈಗ ತಿರುಗಿಸಿ ನೋಡಿ. 'ದಿ ಹಿಲ್ ಅಪ್ ವಿಚ್ ಹಿ ರ್ಯಾನ್' ಎನ್ನಬಹುದು. 'ದಿ ಬಿಲ್ ಅಪ್ ವಿಚ್ ಹಿ ರ್ಯಾನ್' ಎಂದರೆ ಕೇಳಿದವರು ನಗುತ್ತಾರೆ. ಗುಡ್ಡದ 'ಅಪ್' ಗುಡ್ಡಕ್ಕೆ ಸೇರಿದ್ದು, ಆದ್ದರಿಂದ ಗುಡ್ಡದ ಜೊತೆ ಹೊರಡುತ್ತದೆ. ಬಿಲ್ಲಿನ 'ಅಪ್' ಓಟಕ್ಕೆ ಸೇರಿದ್ದು, ಕ್ರಿಯಾಪದವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಯಾವುದು ಯಾವುದಕ್ಕೆ ಸೇರಿದ್ದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ನಡುವೆ 'ಇಟ್' ಹಾಕಿ ನೋಡುವುದು. 'ರ್ಯಾನ್ ಇಟ್ ಅಪ್' ಎಂದು ಬಿಲ್ಲಿಗೆ ಹೇಳಬಹುದು, ಗುಡ್ಡಕ್ಕೆ ಹೇಳಲಾಗದು. 'ಲುಕ್ ಇಟ್ ಅಪ್' ಎಂದು ನಿಘಂಟಿನ ಪದಕ್ಕೆ ಹೇಳಬಹುದು. 'ಲುಕ್ ಇಟ್ ಆಫ್ಟರ್' ಎಂದು ಬೆಕ್ಕಿಗೆ ಹೇಳಲಾಗದು. ಅಲ್ಲಿ 'ಆಫ್ಟರ್' ಪ್ರೆಪೊಸಿಷನ್ನೇ. ಶಾಲೆಯಲ್ಲಿ ಈ ಐದು ನಿಮಿಷದ ಆಟವನ್ನು ನಮಗೆ ಯಾರಾದರೂ ಆಡಿಸಿದ್ದರೆ ಎಷ್ಟು ಕೆಂಪು ಇಂಕು ಉಳಿಯುತ್ತಿತ್ತು!

ಈ ಕ್ರಿಯಾವಿಶೇಷಣಗಳು ನಮಗೆ ಪರಕೀಯವೂ ಅಲ್ಲ. 'ಈಟ್ ಅಪ್' ಎನ್ನುವಲ್ಲಿ 'ಅಪ್' ಮಾಡುವ ಕೆಲಸವನ್ನು ಕನ್ನಡದ 'ತಿಂದುಬಿಡು' ಎನ್ನುವಲ್ಲಿ 'ಬಿಡು' ಮಾಡುತ್ತದೆ. ಇಂಗ್ಲಿಷ್ ಸಣ್ಣ ಪದವೊಂದನ್ನು ಕ್ರಿಯೆಗೆ ಕಟ್ಟುತ್ತದೆ, ಕನ್ನಡ ಇನ್ನೊಂದು ಕ್ರಿಯೆಯನ್ನೇ ಕಟ್ಟುತ್ತದೆ. 'ತಿಂದುಬಿಟ್ಟ ಹಣ್ಣು' ಎನ್ನುವಾಗ ಯಾರಾದರೂ 'ಬಿಟ್ಟ'ವನ್ನು ಕಿತ್ತು ಹಣ್ಣಿನ ಆಚೆ ಇಡುತ್ತಾರೆಯೇ?

ಹಾಗಿದ್ದರೆ ಈ ನಿಯಮ ಎಲ್ಲಿಂದ ಬಂತು? ಇಲ್ಲಿ ಕಥೆ ಸ್ವಾರಸ್ಯವಾಗಿದೆ.

ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸಾವಿರ ವರ್ಷಗಳಿಗೂ ಹಿಂದೆ, 'ದೆ' ಎಂಬ ಒಂದು ಪುಟ್ಟ ಸಂಬಂಧಸೂಚಕ ಪದವಿತ್ತು. ಅದರ ಜೊತೆ ಪ್ರೆಪೊಸಿಷನ್ ಮುಂದೆ ಬರುತ್ತಲೇ ಇರಲಿಲ್ಲ, ಹಿಂದೆ ಕ್ರಿಯಾಪದದ ಬಳಿಯೇ ಉಳಿಯುತ್ತಿತ್ತು. ಇಂದಿನ 'ದಟ್' ಕೂಡ ಹಾಗೇ. 'ದಿ ಹೌಸ್ ಇನ್ ದಟ್ ವಿ ಲಿವ್ಡ್' ಎಂದು ಯಾವ ಪಂಡಿತನೂ ಬರೆಯಲಾರ. ಹಿಂದೆ ಉಳಿಯುವುದು ಆ ಭಾಷೆಯ ಹುಟ್ಟುಗುಣ. ಪ್ರೆಪೊಸಿಷನ್ನನ್ನು ಮುಂದೆ ಇಟ್ಟುಕೊಂಡು ಬರುವ 'ವಿಚ್' ಬಲವಾದದ್ದು ಆಮೇಲೆ.

17ನೇ ಶತಮಾನದಲ್ಲಿ ಜಾನ್ ಡ್ರೈಡನ್ ಬಂದ. 1668ರಲ್ಲಿ ಇಂಗ್ಲೆಂಡಿನ ಆಸ್ಥಾನ ಕವಿಯಾದವನು. 1672ರಲ್ಲಿ ಅವನು ಬರೆದ 'ಡಿಫೆನ್ಸ್ ಆಫ್ ದಿ ಎಪಿಲಾಗ್' ಎಂಬ ಪ್ರಬಂಧದಲ್ಲಿ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ 'ಕ್ಯಾಟಿಲೈನ್' ನಾಟಕದ ಒಂದು ಸಾಲನ್ನು ಎತ್ತಿಕೊಂಡು, ಪ್ರೆಪೊಸಿಷನ್ ಕೊನೆಯಲ್ಲಿ ಬಂದಿದೆ, ಇದು ದೋಷ ಎಂದ. ಆ ಸಾಲಿನಲ್ಲಿ ಹಿಂದೆ ಉಳಿದಿದ್ದದ್ದೂ 'ಫ್ರಮ್' ಎಂಬ ಪದವೇ. ನಮ್ಮ ಹುಡುಗಿಯ 'ಫ್ರಮ್'ನ ಮೇಲೆ ಬಿದ್ದ ಏಟು ಮುನ್ನೂರೈವತ್ತು ವರ್ಷ ಹಳೆಯದು ಎಂದು ತಿಳಿದಾಗ ನಮಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಅಂದಹಾಗೆ ಆ ಪ್ರಬಂಧ ಅಚ್ಚಾದದ್ದು ಡ್ರೈಡನ್ನನ 'ಗ್ರಾನಡಾ ವಿಜಯ' ನಾಟಕದ ಜೊತೆಯಲ್ಲಿ. ಅಂದಲುಸಿನಲ್ಲಿ ಮುಸ್ಲಿಂ ಆಳ್ವಿಕೆಯ ಕೊನೆಯ ದಿನಗಳ ನಾಟಕ ಅದು. ಒಂದು ನಾಡು ಬೀಳುವ ಕಥೆಗೆ ಒಂದು ಪ್ರೆಪೊಸಿಷನ್ ಬೀಳುವ ಟಿಪ್ಪಣಿ ಬಾಲವಾಗಿ ಬಂದಿತ್ತು.

ತನ್ನ ಬರಹಗಳಲ್ಲೂ ಅದೇ ದೋಷ ಇದೆ ಎಂದು ಡ್ರೈಡನ್ ಒಪ್ಪಿಕೊಂಡ. ಒಪ್ಪಿಕೊಂಡು ಸುಮ್ಮನಿರಲಿಲ್ಲ. 1668ರಲ್ಲಿ ಪ್ರಕಟವಾಗಿದ್ದ, ನಾಟಕದ ಮೇಲಿನ ತನ್ನ ಪ್ರಸಿದ್ಧ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚು ಮಾಡಿಸುವಾಗ ಕೊನೆಯಲ್ಲಿ ಉಳಿದಿದ್ದ ಪ್ರೆಪೊಸಿಷನ್‌ಗಳನ್ನು ಹುಡುಕಿ ಹುಡುಕಿ ಮುಂದಕ್ಕೆ ಎಳೆದ. ಯಾಕೆ? ಕಾರಣವನ್ನು ಅವನು ಅಲ್ಲಿ ಬಿಡಿಸಿ ಹೇಳಿಲ್ಲ. ಆದರೆ 1679ರಲ್ಲಿ 'ಟ್ರಾಯ್ಲಸ್ ಅಂಡ್ ಕ್ರೆಸಿಡಾ'ದ ಅರ್ಪಣೆಯಲ್ಲಿ ಒಂದು ಗುಟ್ಟು ಬಿಟ್ಟುಕೊಟ್ಟಿದ್ದಾನೆ: ತಾನು ಬರೆದ ಇಂಗ್ಲಿಷ್ ಸರಿಯೋ ತಪ್ಪೋ ಎಂಬ ಸಂಶಯ ಬಂದಾಗ ಅದನ್ನು ಲ್ಯಾಟಿನ್ನಿಗೆ ಅನುವಾದಿಸಿ ನೋಡುವುದಲ್ಲದೆ ಬೇರೆ ದಾರಿ ತನಗಿಲ್ಲವೆಂದು. ಲ್ಯಾಟಿನ್ನಿನಲ್ಲಿ ಪ್ರೆಪೊಸಿಷನ್ನನ್ನು ಹೀಗೆ ಹಿಂದೆ ಬಿಟ್ಟು ಬರಲು ಆಗುವುದಿಲ್ಲ. ಆ ಪರೀಕ್ಷೆಯಲ್ಲಿ ಇಂಗ್ಲಿಷಿನ ಹುಟ್ಟುಗುಣ ಫೇಲಾಯಿತು ಎಂದು ನಾವು ಊಹಿಸಬಹುದು.

ಆಸ್ಥಾನ ಕವಿಯೊಬ್ಬ ತಾಯಿನುಡಿಯ ಮಾತನ್ನು ದೊಡ್ಡವರ ಭಾಷೆಯ ಮುಂದೆ ನಿಲ್ಲಿಸಿ, ಅದರ ಬಟ್ಟೆ ಸರಿಯಿದೆಯೇ ಎಂದು ನೋಡುವ ಈ ದೃಶ್ಯ ನಮಗೆ ತೀರಾ ಪರಿಚಿತ. ನಮ್ಮ ಮನೆಯ ಮಾತು ದಖನಿ. ಅದರಲ್ಲಿ 'ನಾವು ಇದ್ದ ಮನೆ' ಎನ್ನಲು 'ಹಮೆ ಥೆ ಸೋ ಘರ್' ಎನ್ನುತ್ತೇವೆ. ಕನ್ನಡ, ತೆಲುಗುಗಳ ನಡುವೆ ನೂರಾರು ವರ್ಷ ಬಾಳಿದ ಉರ್ದು, ಪಕ್ಕದ ಮನೆಯವರ ಹಾಗೆ ವಾಕ್ಯ ಕಟ್ಟುವುದನ್ನು ಕಲಿತುಬಿಟ್ಟಿದೆ. ಆ 'ಸೋ' ಒಂದಿದ್ದರೆ ಮನೆಯಲ್ಲಿ, ಮನೆಯಿಂದ, ಮನೆಗೆ ಎಂಬ ತಕರಾರೇ ಇಲ್ಲ. ಆದರೆ ಉರ್ದು ಶಾಲೆಯಲ್ಲಿ ನಾವು ಹೀಗೆ ಬರೆದಾಗ ಉಸ್ತಾದರು ಪುಸ್ತಕವನ್ನು ಇಡೀ ಕ್ಲಾಸಿಗೆ ಓದಿ ತೋರಿಸಿದ್ದರು. ಎಲ್ಲರೂ ನಕ್ಕಿದ್ದರು. ನಕ್ಕವರೆಲ್ಲರ ಮನೆಯಲ್ಲೂ ಅದೇ 'ಸೋ' ಇತ್ತು. ಸರಿಯಾದದ್ದು 'ವೊ ಘರ್ ಜಿಸ್ ಮೇಂ ಹಮ್ ರಹತೇ ಥೇ' ಎಂದು ಹತ್ತು ಸಲ ಬರೆಸಿದರು. 'ಜಿಸ್ ಮೇಂ' ಎಂದರೆ ಅಕ್ಷರಶಃ 'ಇನ್ ವಿಚ್'. ದೆಹಲಿ, ಲಖನೌಗಳ ಕಿಂದರಿಜೋಗಿ ಅಲ್ಲಿಂದ ನಮ್ಮ ಊರಿನವರೆಗೆ ಬಂದಿದ್ದ.

ಕನ್ನಡದವರಿಗೂ ಇದು ಹೊಸದಲ್ಲ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡದ ವ್ಯಾಕರಣವನ್ನು ಎರಕ ಹೊಯ್ದದ್ದರ ವಿರುದ್ಧ ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಒಂದು ಪುಸ್ತಕವನ್ನೇ ಬರೆದರು. ಸರಕಾರಿ ಸುತ್ತೋಲೆಗಳಲ್ಲಿ 'ಯಾವ ಅರ್ಜಿದಾರರು ಯಾವ ದಿನಾಂಕದಂದು ಅರ್ಜಿ ಸಲ್ಲಿಸಿರುತ್ತಾರೋ ಆ ದಿನಾಂಕದಿಂದ' ಎಂದು ಓದುವಾಗ, 'ಅರ್ಜಿ ಕೊಟ್ಟ ದಿನದಿಂದ' ಎನ್ನಲು ಏನಾಗಿತ್ತು ಎಂದು ನಮಗೆ ಅನಿಸುತ್ತದೆ. 'ಯಾವ–ಆ' ಕನ್ನಡದಲ್ಲಿ ಬೇಡವೆಂದಲ್ಲ. 'ಯಾವ ಹುಡುಗನಿಗಿಂತ ನಾನು ಎತ್ತರವೋ ಆ ಹುಡುಗ' ಎಂಬುದನ್ನು ಬೇರೆ ಹೇಗೂ ಹೇಳಲಾಗದು. ಬೇಕಾದಲ್ಲಿ ಬರಲಿ, ಗತ್ತಿಗಾಗಿ ಬೇಡ.

ಇಂಗ್ಲಿಷಿಗೆ ಮರಳೋಣ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಒಂದು ಪುಟ್ಟ ವ್ಯಾಕರಣ ಬರೆದ. ಮುಂದೆ ಲಂಡನ್ನಿನ ಬಿಷಪ್ಪನಾದವನು. ಈ ನಿಷೇಧದ ಅಪವಾದವೆಲ್ಲ ಸಾಮಾನ್ಯವಾಗಿ ಅವನ ತಲೆಗೆ ಬರುತ್ತದೆ. ಆದರೆ ಅವನು ನಿಷೇಧಿಸಿರಲಿಲ್ಲ. ಹಿಂದೆ ಬಿಡುವುದು ನಮ್ಮ ಭಾಷೆಯ ಒಲವು, ಮಾತುಕತೆಗೂ ಸಲುಗೆಯ ಬರಹಕ್ಕೂ ಅದು ಒಪ್ಪುತ್ತದೆ, ಗಂಭೀರ ಬರಹಕ್ಕೆ ಮುಂದೆ ಇಡುವುದು ಹೆಚ್ಚು ಶೋಭೆ ಎಂದಷ್ಟೇ ಹೇಳಿದ. ಹಾಗೆ ಹೇಳಿದ ವಾಕ್ಯದಲ್ಲೇ 'ಟು' ಎಂಬ ಪ್ರೆಪೊಸಿಷನ್ನನ್ನು ಕೊನೆಗೆ ಬಿಟ್ಟಿದ್ದ; ಬೇಕೆಂದೇ ಬಿಟ್ಟ ತುಂಟತನ ಎಂದು ನಮ್ಮ ಗುಮಾನಿ. 1795ರಲ್ಲಿ ಲಿಂಡ್ಲಿ ಮರ್ರೆ ತನ್ನ ಶಾಲಾ ವ್ಯಾಕರಣದಲ್ಲಿ ಲೌತನ ಆ ವಾಕ್ಯವನ್ನು ಎತ್ತಿಕೊಂಡು, ಕೊನೆಯ 'ಟು'ವನ್ನು ತಿದ್ದಿ 'ವಿಚ್'ನ ಮುಂದೆ ಇಟ್ಟ. ನಗು ಹೋಯಿತು, ನಿಯಮ ಉಳಿಯಿತು. ಶಾಲಾ ಪುಸ್ತಕಗಳು ಸಾಹಿತ್ಯಕ್ಕೆ ಮಾಡುವ ಕೆಲಸ ಇಂಥದ್ದೇ. 1926ರಲ್ಲಿ ಹೆನ್ರಿ ಫೌಲರ್ ತನ್ನ ಪ್ರಸಿದ್ಧ ಬಳಕೆಯ ನಿಘಂಟಿನಲ್ಲಿ ಇದನ್ನು ಜನ ಅಪ್ಪಿಕೊಂಡು ಸಾಕಿದ ಮೂಢನಂಬಿಕೆ ಎಂದು ಬಗೆದ. ಅದಾಗಿ ನೂರು ವರ್ಷ. ನಂಬಿಕೆ ನಮ್ಮ ತಂಗಿಯ ಮಗಳ ನೋಟ್ ಬುಕ್ಕಿನಲ್ಲಿ ಗಟ್ಟಿಮುಟ್ಟಾಗಿದೆ.

ಈ ನಿಯಮವನ್ನು ಗೇಲಿ ಮಾಡುವವರು ಒಂದು ಜೋಕನ್ನು ತಪ್ಪದೆ ಹೇಳುತ್ತಾರೆ. ಚರ್ಚಿಲ್ಲನ ಬರಹವನ್ನು ಯಾರೋ ಗುಮಾಸ್ತ ಹೀಗೆ ತಿದ್ದಿದನಂತೆ. ಚರ್ಚಿಲ್ ಸಿಟ್ಟಾಗಿ, ಇಂಥ ಅಧಿಕಪ್ರಸಂಗವನ್ನು ತಾನು ಸಹಿಸುವುದಿಲ್ಲ ಎನ್ನಲು 'ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್' ಎಂದು ಬರೆದನಂತೆ. ಚರ್ಚಿಲ್ ಇದನ್ನು ಬರೆದದ್ದಕ್ಕೆ ಆಧಾರವಿಲ್ಲ. 1942ರಲ್ಲಿ ಅಚ್ಚಾದ ರೂಪದಲ್ಲಿ ಇದು ಯಾವುದೋ ಸರಕಾರಿ ಇಲಾಖೆಯ ಹೆಸರಿಲ್ಲದ ಅಧಿಕಾರಿಯ ಮಾತು. ಚರ್ಚಿಲ್ಲನ ಹೆಸರು ಆಮೇಲೆ ಅಂಟಿಕೊಂಡಿತು. ನಮ್ಮಲ್ಲಿ ಚಾಟೂಕ್ತಿಗಳೆಲ್ಲ ತೆನಾಲಿ ರಾಮಕೃಷ್ಣನ, ಮುಲ್ಲಾ ನಸ್ರುದ್ದೀನನ ಖಾತೆಗೆ ಜಮೆಯಾಗುವ ಹಾಗೆ.

ಯಾರೇ ಹೇಳಿರಲಿ, ಜೋಕು ಮೋಸದ್ದು. 'ಪುಟ್ ಅಪ್ ವಿತ್' ಎನ್ನುವಲ್ಲಿ 'ವಿತ್' ಮಾತ್ರ ಪ್ರೆಪೊಸಿಷನ್; 'ಅಪ್' ಬಿಲ್ಲಿನ 'ಅಪ್'ನ ಹಾಗೆ ಕ್ರಿಯಾವಿಶೇಷಣ. ಡ್ರೈಡನ್ನನ ನಿಯಮ ಪಾಲಿಸುವವನು 'ವಿತ್ ವಿಚ್ ಐ ವಿಲ್ ನಾಟ್ ಪುಟ್ ಅಪ್' ಎನ್ನುತ್ತಾನೆ. ಬಿಗಿಯಾಗಿದ್ದರೂ ಅದು ತಪ್ಪಲ್ಲ. 'ಲುಕ್ ಫಾರ್ವರ್ಡ್ ಟು' ಕೂಡ ಹೀಗೇ: 'ಟು ವಿಚ್ ಐ ಲುಕ್ ಫಾರ್ವರ್ಡ್' ಎನ್ನಬಹುದು, 'ಫಾರ್ವರ್ಡ್ ಟು ವಿಚ್ ಐ ಲುಕ್' ಎನ್ನಲಾಗದು. ಜೋಕು ಮಾಡಿದವನು ಬೇಕೆಂದೇ 'ಅಪ್'ನ್ನೂ ಎಳೆದು ನಿಯಮವನ್ನು ಕೋಡಂಗಿ ಮಾಡಿದ್ದಾನೆ. ಎದುರಾಳಿ ಹೇಳದ ಮಾತನ್ನು ಅವನ ಬಾಯಿಗೆ ಹಾಕಿ ಗೆಲ್ಲುವ ವಾದ ಇದು. ನಿಯಮದ ವಿರೋಧಿಗಳು ನಮ್ಮ ಪಕ್ಷದವರೇ ಆದರೂ ಈ ಗೆಲುವನ್ನು ಒಪ್ಪಲು ನಮಗೆ ಮನಸ್ಸಿಲ್ಲ. ನಿಯಮ ಸೋಲಬೇಕಾದದ್ದು ಬೆಕ್ಕಿನ ಮುಂದೆ, ಓಡಿಬಂದ ಹುಡುಗಿಯ ಮುಂದೆ.

ನಮ್ಮ ಊರಿನ ಇಂಗ್ಲಿಷ್ ಪಾಠದ ಮೇಲೆ ನಮಗಿರುವ ದೂರೂ ಇದೇ. ಪುಸ್ತಕವನ್ನು ದೂರುವಂತಿಲ್ಲ. ತಲೆಮಾರುಗಳಿಂದ ನಾವು ಓದಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣವೇ, ಪ್ರೆಪೊಸಿಷನ್ ಕೆಲವು ಕಡೆ ಕೊನೆಯಲ್ಲಿ ಬರುತ್ತದೆ, 'ದಟ್' ಇದ್ದರೆ ಕೊನೆಯಲ್ಲೇ ಬರಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಕ್ಲಾಸಿನಲ್ಲಿ ಉಳಿದಿರುವುದು 'ಬಾರದು' ಎಂಬ ಒಂದು ಪದ. ನಮ್ಮ ಮಕ್ಕಳು ನಿಜವಾಗಿ ಮಾಡುವ ತಪ್ಪೇ ಬೇರೆ. ಅವರು ಪ್ರೆಪೊಸಿಷನ್ನನ್ನು ಕೊನೆಯಲ್ಲಿ ಇಡುವುದಿಲ್ಲ, ಬಿಟ್ಟೇ ಬಿಡುತ್ತಾರೆ. 'ದಿಸ್ ಈಸ್ ದಿ ಹೌಸ್ ಐ ವಾಸ್ ಬಾರ್ನ್' ಎನ್ನುತ್ತಾರೆ. ಅದು 'ನಾನು ಹುಟ್ಟಿದ ಮನೆ'ಯ ನೆರಳು. ಅರಬಿ ಓದಿದವರು ಇನ್ನೊಂದು ಕಡೆ ಜಾರುತ್ತಾರೆ. ಆ ಭಾಷೆಯಲ್ಲಿ 'ಅಲ್-ಬೈತುಲ್ಲದೀ ಸಕನ್ತು ಫೀಹಿ', ಅಂದರೆ 'ನಾನು ಅದರಲ್ಲಿ ವಾಸಿಸಿದ ಮನೆ', ಎಂದು ಕೊನೆಯಲ್ಲಿ ಒಂದು ಸರ್ವನಾಮವೂ ಬೇಕು. ಮರಳಿ ಬರುವುದು ಎಂಬರ್ಥದಲ್ಲಿ ಅದನ್ನು ವ್ಯಾಕರಣದವರು 'ಆಇದ್' ಎನ್ನುತ್ತಾರೆ. ಆ ರೂಢಿಯಲ್ಲಿ ಇಂಗ್ಲಿಷಿಗೆ ಬಂದರೆ 'ದಿ ಹೌಸ್ ವಿಚ್ ಐ ಲಿವ್ಡ್ ಇನ್ ಇಟ್' ಆಗುತ್ತದೆ. ಕನ್ನಡದ ಮಗು 'ಇನ್' ಬಿಡುತ್ತದೆ, ಅರಬಿಯ ಮಗು 'ಇಟ್' ಸೇರಿಸುತ್ತದೆ. ಇಬ್ಬರಿಗೂ ತಮ್ಮ ತಮ್ಮ ಭಾಷೆಯಲ್ಲಿ ನ್ಯಾಯವಿದೆ. ಅದನ್ನು ತೋರಿಸಿ ಪಾಠ ಮಾಡುವ ಬದಲು, 'ಇನ್' ಅನ್ನು ಸರಿಯಾದ ಜಾಗದಲ್ಲಿ ಇಟ್ಟ ಒಬ್ಬಳನ್ನು ಹಿಡಿದು ತಿದ್ದುತ್ತೇವೆ. ಇನ್ನು 'ಕೋಪ್ ಅಪ್ ವಿತ್' ಎಂದು ಇಡೀ ದೇಶ ಒಂದು 'ಅಪ್' ಸೇರಿಸಿಕೊಂಡಿದೆಯಲ್ಲ, ಅದನ್ನು ಯಾವ ಕೆಂಪು ಇಂಕೂ ಮುಟ್ಟುವುದಿಲ್ಲ.

ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡದ ಕಥೆ ಇಂಗ್ಲಿಷಿಗೆ ಹೋಗುವ ಬಗೆಯ ಮೇಲೆ ಬಹಳ ಮಾತು ನಡೆದಿದೆ. ಅನುವಾದಕಿ ದೀಪಾ ಭಾಸ್ತಿ ಅವರು ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸದೆ ಇಟ್ಟದ್ದನ್ನೂ, ಅಡಿಟಿಪ್ಪಣಿ ಹಾಕದ್ದನ್ನೂ ಹಲವರು ಮೆಚ್ಚಿದರು, ಕೆಲವರು ತಕರಾರು ತೆಗೆದರು. ಆ ಚರ್ಚೆ ಬೇಕಾದದ್ದೇ. ಆದರೆ ಅದು ಹೆಚ್ಚಾಗಿ ಪದಗಳ ಸುತ್ತಲೇ ಸುತ್ತಿತು ಎಂಬುದು ನಮ್ಮ ಆಕ್ಷೇಪ. ದುಪಟ್ಟಾವನ್ನು ದುಪಟ್ಟಾ ಎಂದೇ ಉಳಿಸಿ, ಅದನ್ನು ಹೊದ್ದವಳ ಬಾಯಿಯಲ್ಲಿ 'ಫ್ರಮ್ ವಿಚ್' ಇಟ್ಟರೆ ಉಳಿದದ್ದೇನು? ಬಟ್ಟೆ ಉಳಿಯಿತು, ದನಿ ಹೋಯಿತು. ಕಥೆಯೊಳಗಿನ ಹೆಂಗಸು ಎಷ್ಟು ಓದಿದವಳು, ಯಾರ ಎದುರು ಮಾತನಾಡುತ್ತಿದ್ದಾಳೆ, ಹೆದರಿದ್ದಾಳೋ ಸಲುಗೆಯಲ್ಲಿದ್ದಾಳೋ ಎಂಬುದು ಇಂಗ್ಲಿಷಿನಲ್ಲಿ ಆ ಪುಟ್ಟ ಪದ ನಿಂತ ಜಾಗದಿಂದಲೇ ತಿಳಿಯುತ್ತದೆ. ಕಥೆಯಲ್ಲಿ ಖಾಜಿಗಳು ಮಾತನಾಡುವಾಗ, ನೋಟಿಸು ಬರುವಾಗ 'ಇನ್ ವಿಚ್' ಬರಲಿ, ಅದಕ್ಕೆ ಅದರ ಗತ್ತು ಬೇಕು. ಬಾವಿಕಟ್ಟೆಯ ಮಾತಿನಲ್ಲಿ ಹಿಂದೆ ಉಳಿಯಲಿ. ಲೌತ್ ಹೇಳಿದ್ದೂ ಇದನ್ನೇ ಅಲ್ಲವೇ?

ಇನ್ನು ನಮ್ಮ ಮೂಲ ತೊಡಕು, ಫ್ರಮ್ಮೋ ಟುವೋ ಎಂಬುದು. ಇದನ್ನು ಕನ್ನಡದ ಶ್ರೀಮಂತಿಕೆ, ಇಂಗ್ಲಿಷಿನ ಬಡತನ ಎಂದು ಹೇಳಿ ಬೆನ್ನು ತಟ್ಟಿಕೊಳ್ಳುವ ಆಸೆ ಮೊದಲು ನಮಗೂ ಆಗಿತ್ತು. ಯೋಚಿಸಿದರೆ ಹಾಗಲ್ಲ. ಕನ್ನಡಕ್ಕೂ ಬೇಕೆಂದಾಗ ಬಿಡಿಸಿ ಹೇಳಲು ಬರುತ್ತದೆ, ಅನುವಾದಕರು ಫೋನಿನಲ್ಲಿ ಬಿಡಿಸಿ ಹೇಳಿಯೂ ಇದ್ದರು: 'ಬಿಟ್ಟು ಬಂದ ಮನೆ', 'ಬಂದು ಸೇರಿದ ಮನೆ'. ಇಂಗ್ಲಿಷಿನ 'ಫ್ರಮ್' ಮಾಡುವ ಕೆಲಸವನ್ನು 'ಬಿಟ್ಟು' ಎಂಬ ಕ್ರಿಯೆ ಮಾಡುತ್ತದೆ, 'ಟು'ವಿನ ಕೆಲಸವನ್ನು 'ಸೇರಿದ' ಮಾಡುತ್ತದೆ. ನಾವು ಆ ಪದಗಳನ್ನು ಬಳಸಿರಲಿಲ್ಲ. ಕಲೆಗಾಗಿ ಬಳಸದೆ ಬಿಟ್ಟೆವೋ, ಅವಸರದಲ್ಲಿ ಬಿಟ್ಟುಹೋಯಿತೋ ಎಂದು ಅನುವಾದಕರ ಫೋನು ಬರುವವರೆಗೆ ನಮಗೇ ಗೊತ್ತಿರಲಿಲ್ಲ. ಒಳ್ಳೆಯ ಅನುವಾದಕರಷ್ಟು ನಿಷ್ಠುರ ವಿಮರ್ಶಕರು ಬೇರೆ ಇಲ್ಲ.

ಪ್ರೂಫನ್ನು ನಾವು ತಿದ್ದಿ ಕಳುಹಿಸಿದೆವು. ಸಂಪಾದಕರಿಗೆ ಡ್ರೈಡನ್, ಲೌತ್ ಎಲ್ಲರ ಹೆಸರು ಹಾಕಿ ಒಂದೂವರೆ ಪುಟದ ಪತ್ರವನ್ನೂ ಬರೆದೆವು. 'ರನ್ ಅವೇ ಫ್ರಮ್' ಇರಲಿ ಎಂದು ಅವರು ಎರಡು ಸಾಲಿನಲ್ಲಿ ಉತ್ತರ ಕೊಟ್ಟರು. ಅಷ್ಟರಮಟ್ಟಿಗೆ ಹುಡುಗಿ ಅಫಿಡವಿಟ್ಟಿನಿಂದ ಹೊರಗೆ ಬಂದಳು.

ಆ ರಾತ್ರಿ ಅಮ್ಮಿಗೆ ಕಥೆಯನ್ನು ಓದಿ ಹೇಳಿದೆವು. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷಂತೂ ದೂರ. ಬಾಯಲ್ಲೇ ದಖನಿ ಮಾಡುತ್ತ ಹೋದೆವು. ಕೊನೆಯ ಪುಟ ಬಂತು. 'ಉನೆ ಭಾಗ್ ಕೋ ಆಯೀ ಸೋ ಘರ್' ಎಂದು ನಮ್ಮ ಉಸ್ತಾದರು ಕೇಳಿದ್ದರೆ ಹತ್ತು ಸಲ ಬರೆಸುತ್ತಿದ್ದ ಹಾಗೆಯೇ ಹೇಳಿದೆವು. ಅಮ್ಮಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಯಾವ ಮನೆ? ತವರೋ, ಗಂಡನದೋ?"